ಟ್ಯಾಂಕಿಗೆ ಬಿದ್ದ ಹರಳೆಣ್ಣೆ

ಡಿಸೆಂಬರ್‌ನ ಒಂದು ಭಾನುವಾರ ಬೆಳಿಗ್ಗೆ ಸೂಲಿಬೆಲೆಯ ವೆಂಕಟರಾಯಪ್ಪನವರ ಮನೆಯಲ್ಲಿ ಎಲ್ಲರೂ ಮೊರದ ಸುತ್ತ ಕುಳಿತು ಅವರೆಕಾಯಿ ಬಿಡಿಸುತ್ತಿದ್ದಾಗ, ಮಗಳು ಅರ್ಪಿತಳ ಫೋನಿಗೆ ರೇಸ್ ಸಮಿತಿಯ ನೋಟೀಸು ಬಂತು. ಇಂಗ್ಲಿಷಿನಲ್ಲಿತ್ತು. ಅವಳು ಒಮ್ಮೆ ಓದಿ, ಇನ್ನೊಮ್ಮೆ ಓದಿ, ಫೋನನ್ನು ಅತ್ತಿಗೆಯ ಕೈಗೆ ಕೊಟ್ಟಳು.

"ಅತ್ತಿಗೆ, ನೀವೇ ಹೇಳಿ. ನಾನು ಹೇಳಿದ್ರೆ ಅಪ್ಪ ನಂಬಲ್ಲ."

ಶಶಿರೇಖಾ ಹೊಸಕೋಟೆಯ ಪಿಯು ಕಾಲೇಜಿನಲ್ಲಿ ಕಾಮರ್ಸ್ ಪಾಠ ಮಾಡುವವಳು. ಅವಳು ಕೈಗೆ ಹತ್ತಿದ ಸೊಗಡನ್ನು ಸೆರಗಿಗೆ ಒರೆಸಿಕೊಂಡು, ಮಾವನ ಮುಖವನ್ನು ಆಗಾಗ ನೋಡುತ್ತ, ನಿಧಾನವಾಗಿ ಹೇಳಿದಳು. ದೇವನಹಳ್ಳಿ ಕಡೆಯ ಮಣ್ಣಿನ ಟ್ರ್ಯಾಕಿನಲ್ಲಿ ಈ ಸಲದಿಂದ ಟೂ-ಸ್ಟ್ರೋಕ್ ಬೈಕುಗಳು ಓಡುವಂತಿಲ್ಲ. ಹೊಗೆಯ ಬಗ್ಗೆ ಸುತ್ತಲಿನ ಊರಿನವರು ದೂರು ಕೊಟ್ಟಿದ್ದಾರೆ. ಪಕ್ಕದಲ್ಲಿ ದ್ರಾಕ್ಷಿ ತೋಟಗಳಿವೆ, ಕೆರೆಯಿದೆ. ಮೈದಾನಕ್ಕೆ ಅನುಮತಿ ಸಿಕ್ಕಿರುವುದೇ ಷರತ್ತಿನ ಮೇಲೆ. ಇನ್ನು ಮುಂದೆ ಫೋರ್-ಸ್ಟ್ರೋಕ್ ಗಾಡಿಗಳು ಮಾತ್ರ, ಅದೂ ನೂರಕ್ಕೆ ಎಂಬತ್ತೈದು ಪಾಲು ಎಥನಾಲ್ ಇರುವ ಇಂಧನದಲ್ಲೇ ಓಡಬೇಕು. ಇಂಧನವನ್ನು ಸಮಿತಿಯೇ ಕೊಡುತ್ತದೆ. ಅದಕ್ಕೆ ಬೇರೆ ಏನನ್ನೂ ಬೆರೆಸುವಂತಿಲ್ಲ.

"ಏನನ್ನೂ?" ಎಂದರು ವೆಂಕಟರಾಯಪ್ಪ.

"ಏನನ್ನೂ ಅಂತಲೇ ಇದೆ ಮಾವ."

ವೆಂಕಟರಾಯಪ್ಪ ಕೈಯಲ್ಲಿದ್ದ ಕಾಯಿಯನ್ನು ಬಿಡಿಸದೆ ಹಾಗೆಯೇ ಮೊರಕ್ಕೆ ಹಾಕಿದರು. ದೇವನಹಳ್ಳಿ ರಸ್ತೆಯ ತಮ್ಮ ಶೆಡ್ಡಿನಲ್ಲಿ ಅವರು ಒಂದು ಆಯಸ್ಸಿಡೀ ಮಾಡಿದ ಕೆಲಸವೆಂದರೆ ಟೂ-ಸ್ಟ್ರೋಕ್ ಬೈಕುಗಳನ್ನು ರೇಸಿಗೆ ಸಿದ್ಧಪಡಿಸುವುದು. ಆ ಇಂಜಿನ್ನಿಗೆ ಪೆಟ್ರೋಲಿನಲ್ಲೇ ಎಣ್ಣೆ ಬೆರೆಸಬೇಕು. ಹಿಂದೆ ಅವರು ಹರಳೆಣ್ಣೆಯನ್ನೇ ಬಳಸುತ್ತಿದ್ದರು, ಹೆಂಡತಿ ಅಮ್ಮಯಮ್ಮ ಮನೆಯಲ್ಲೇ ಹರಳು ಹುರಿದು, ಕುಟ್ಟಿ, ಕಾಯಿಸಿ ತೆಗೆದ ಎಣ್ಣೆ. ಆಮೇಲೆ ಅಂಗಡಿಯ ಡಬ್ಬಿ ಎಣ್ಣೆ ಬಂತು. ಆದರೂ ಪ್ರತಿ ರೇಸಿನ ಬೆಳಿಗ್ಗೆ ಮನೆಯ ಹರಳೆಣ್ಣೆಯನ್ನು ಒಂದು ಒಳಲೆಯಷ್ಟು ತಮ್ಮ ಕೈಯಿಂದಲೇ ಟ್ಯಾಂಕಿಗೆ ಬಿಡುವುದನ್ನು ಅವರು ತಪ್ಪಿಸಿರಲಿಲ್ಲ. ಮಗ ಬೈರೇಶ್, ಮಗಳು ಅರ್ಪಿತ ಇಬ್ಬರಿಗೂ ಕೂಸಾಗಿದ್ದಾಗ ಹರಳೆಣ್ಣೆ ಕುಡಿಸಿದ ಬೆಳ್ಳಿಯ ಒಳಲೆ ಅದು. ಆ ಎಣ್ಣೆ ಬೀಳದೆ ಅವರ ಶೆಡ್ಡಿನ ಒಂದು ಗಾಡಿಯೂ ಟ್ರ್ಯಾಕಿಗೆ ಇಳಿದಿರಲಿಲ್ಲ.

ಬೈರೇಶ್ ಗಂಟಲು ಸರಿಮಾಡಿಕೊಂಡ. ಅವನು ಹೊಸಕೋಟೆಯ ಹತ್ತಿರ ಒಂದು ಗೋಡೌನಿನಲ್ಲಿ ಸೂಪರ್‌ವೈಸರ್.

"ಅಪ್ಪ, ಬೇಜಾರು ಮಾಡ್ಕೋಬೇಡಿ. ಆ ಪಾರ್ಸಲ್ ಕಂಪನಿಯವ್ರು ಮತ್ತೆ ಕೇಳವ್ರೆ. ರೋಡ್ ಪಕ್ಕದ ಶೆಡ್ಡು, ಲಾರಿ ತಿರುಗೋಕೆ ಜಾಗ ಐತೆ ಅಂತ. ಬಾಡಿಗೆಗೆ ಕೊಟ್ಬಿಡೋಣ."

"ಆಮೇಲೆ ನಾನೇನ್ ಮಾಡ್ಲಿ?"

"ಆರಾಮಾಗಿರಿ."

"ಆರಾಮಾಗಿರೋಕೆ ನಂಗೇನ್ ರೋಗ ಬಂದೈತೇನೋ?"

ಅರ್ಪಿತ ಮಧ್ಯೆ ಬಾಯಿ ಹಾಕಿದಳು. ಅವಳು ಆಟೊಮೊಬೈಲ್ ಡಿಪ್ಲೊಮಾ ಮುಗಿಸಿ ಅಪ್ಪನ ಶೆಡ್ಡಿನಲ್ಲೇ ಕೆಲಸ ಮಾಡುತ್ತಿದ್ದಳು, ಆ ಗಾಡಿಗಳನ್ನು ರೇಸಿನಲ್ಲಿ ಓಡಿಸುವವಳೂ ಅವಳೇ. "ಶೆಡ್ ಮೂಲೇಲಿ ಹಳೇ ಫೋರ್-ಸ್ಟ್ರೋಕ್ ಗಾಡಿ ಬಿದ್ದೈತಲ್ಲ ಅಪ್ಪ. ಅದನ್ನ ಎಥನಾಲಿಗೆ ಮಾಡ್ತೀನಿ. ಎಲ್ರೂ ಈಗ ಶುರು ಮಾಡ್ಬೇಕು. ನಾವು ಮೊದ್ಲು ಕಲಿತ್ರೆ ನಮ್ಮ ಶೆಡ್ಡಿಗೇ ಬರ್ತಾರೆ."

"ಬರದೇ ಇದ್ರೆ?" ಎಂದ ಬೈರೇಶ್.

"ಬರದೇ ಇದ್ರೆ ಯುಗಾದಿಗೆ ನಿನ್ನ ಪಾರ್ಸಲ್ ಕಂಪನಿಗೆ ಕೊಡು. ಆದ್ರೆ ಅಲ್ಲೀವರ್ಗೂ ಶೆಡ್ ಮಾತು ಎತ್ತಬಾರ್ದು."

ವೆಂಕಟರಾಯಪ್ಪ ಮಗನ ಮುಖ ನೋಡಲಿಲ್ಲ, ಮಗಳ ಮುಖವನ್ನೂ ನೋಡಲಿಲ್ಲ. "ಯುಗಾದಿ" ಎಂದಷ್ಟೇ ಹೇಳಿ ಎದ್ದರು. ಅಂದು ಹಿದುಕಿದ ಬೇಳೆಯ ಸಾರು ಎಷ್ಟು ಚೆನ್ನಾಗಿ ಆಗಿದ್ದರೂ ಯಾರೂ ಎರಡನೇ ಮುದ್ದೆ ಹಾಕಿಸಿಕೊಳ್ಳಲಿಲ್ಲ.

ಅಭ್ಯಾಸಕ್ಕೆಂದು ಸಮಿತಿ ಕೊಟ್ಟ ಇಂಧನದ ಕ್ಯಾನು ಮನೆಗೆ ಬಂದದ್ದು ಮರುವಾರ. ಶೆಡ್ಡಿನ ಬಾಗಿಲಿಗೆ ಬೀಗ ಸರಿಯಿಲ್ಲವೆಂದು ಅರ್ಪಿತ ಅದನ್ನು ಹಿತ್ತಿಲ ನೆರಳಿನಲ್ಲಿ ಇಟ್ಟಿದ್ದಳು. ಮುಚ್ಚಳ ಬಿಗಿಯಾಗಿತ್ತು. ಆದರೂ ಬಟ್ಟೆ ಒಗೆಯಲು ಹೋದ ಅಮ್ಮಯಮ್ಮನ ಮೂಗಿಗೆ ವಾಸನೆ ಸಿಕ್ಕಿತು.

"ಅಯ್ಯೋ, ನಮ್ಮನೇಗೆ ಸಾರಾಯಿ ತಂದವ್ಳಲ್ಲೋ!"

"ಅಮ್ಮ, ಮೆತ್ತಗೆ. ಅದು ಸಾರಾಯಿ ಅಲ್ಲ."

"ನಮ್ಮಪ್ಪ ಕುಡೀತಿದ್ದ. ಆ ವಾಸ್ನೆ ನಂಗೆ ಗೊತ್ತಿಲ್ವಾ? ಯಾವುದ್ರಿಂದ ಮಾಡ್ತಾರೆ ಇದನ್ನ?"

"ಕಬ್ಬು. ಮೆಕ್ಕೆಜೋಳ."

"ಮತ್ತೆ ಸಾರಾಯಿನೇ!"

ಪಕ್ಕದ ಮನೆಯ ಮುನಿರಾಮಯ್ಯ ಕಾಂಪೌಂಡಿನ ಆಚೆಯಿಂದ ಕತ್ತು ಚಾಚಿ, "ಅಮ್ಮಯಮ್ನೋರೇ, ಸಂಕ್ರಾಂತಿಗೇನಾದ್ರೂ ವಿಶೇಷ ಇದ್ರೆ ನಮ್ಮನ್ನೂ ಕರೀರಿ" ಎಂದರು. ಅಮ್ಮಯಮ್ಮ ಒಗೆಯುವ ಬಟ್ಟೆಯನ್ನು ಅವರ ಕಡೆಗೇ ಒಮ್ಮೆ ಝಾಡಿಸಿದಳು.

ಶಶಿರೇಖಾ ಅತ್ತೆಯನ್ನು ಒಳಗೆ ಕರೆದುಕೊಂಡು ಹೋಗಿ ಕೂರಿಸಿದಳು. ಬೆಂಕಿಯ ವಸ್ತು ಹಿತ್ತಿಲಲ್ಲಿದೆ ಎಂಬ ಭಯ ಅವಳಿಗೂ ಇತ್ತು. ಅದಕ್ಕೆ ಅವಳೇ ಸಂಜೆ ಕಾಲೇಜಿನಿಂದ ಬರುವಾಗ ಶೆಡ್ಡಿಗೆ ಹೊಸ ಬೀಗ ತಂದಳು. ಆಮೇಲೆ ಅತ್ತೆಗೆ ಬಿಡಿಸಿ ಹೇಳಿದಳು: ಈಗ ಬಂಕಿನಲ್ಲಿ ಹಾಕಿಸುವ ಪೆಟ್ರೋಲಿನಲ್ಲೇ ಐದರಲ್ಲಿ ಒಂದು ಪಾಲು ಇದೇ ಇರುತ್ತದೆ, ಬೈರೇಶನ ಬೈಕೂ ದಿನಾ ಕುಡಿದೇ ಕೆಲಸಕ್ಕೆ ಹೋಗುತ್ತದೆ.

"ಹಂಗಾದ್ರೆ ಅವ್ನ ಬೈಕ್ ಮೇಲೆ ಇನ್ನು ನಾನು ಕೂರಾಕಿಲ್ಲ" ಎಂದಳು ಅಮ್ಮಯಮ್ಮ. ಆದರೆ ಮುಖದಲ್ಲಿ ನಗು ಬಂದಿತ್ತು.

ಕೆಲಸ ಸುಲಭವಾಗಿರಲಿಲ್ಲ. ಎಥನಾಲು ಹಳೆಯ ಟ್ಯಾಂಕಿನ ತುಕ್ಕನ್ನೆಲ್ಲ ಬಿಡಿಸಿ ತಂದು ಕಾರ್ಬ್ಯುರೇಟರಿಗೆ ತುಂಬಿತು. ರಬ್ಬರ್ ಪೈಪುಗಳು ಉಬ್ಬಿ ಮೆತ್ತಗಾದವು. ಅರ್ಪಿತ ಎಲ್ಲವನ್ನೂ ಬಿಚ್ಚಿ, ತೊಳೆದು, ಬೇರೆ ಪೈಪು ಹಾಕಿದಳು. ಮತ್ತೆ ಬಿಚ್ಚಿದಳು. ಡಿಸೆಂಬರ್‌ನ ಮಂಜಿನಲ್ಲಿ ಗಾಡಿ ಸ್ಟಾರ್ಟೇ ಆಗುತ್ತಿರಲಿಲ್ಲ, ಎಥನಾಲಿಗೆ ಚಳಿಯೆಂದರೆ ಆಗದು. ಬೆಳಗಾದರೆ ಅವಳು ಬಚ್ಚಲ ಹಂಡೆಯಿಂದ ಬಿಸಿನೀರು ತುಂಬಿಕೊಂಡು ಶೆಡ್ಡಿಗೆ ಓಡುತ್ತಿದ್ದಳು. ಬಟ್ಟೆ ಅದ್ದಿ ಕಾರ್ಬ್ಯುರೇಟರಿಗೆ ಸುತ್ತಿ, ಬಾಣಂತಿಯ ಮಗುವಿಗೆ ಶಾಖ ಕೊಟ್ಟ ಹಾಗೆ ಕೂತಿರುತ್ತಿದ್ದಳು.

"ಲೇ ಅರ್ಪಿ, ನಂಗೆ ಸ್ನಾನಕ್ಕೆ ನೀರೇ ಇಲ್ಲ ಕಣೇ!" ಎಂದು ಬೈರೇಶ್ ಬಚ್ಚಲಿನಿಂದ ಕೂಗುತ್ತಿದ್ದ.

"ತಣ್ಣೀರಲ್ಲಿ ಮಾಡು. ನೀನೇನ್ ಎಥನಾಲಾ?"

ವೆಂಕಟರಾಯಪ್ಪ ಆ ಗಾಡಿಯನ್ನು ಮುಟ್ಟಲಿಲ್ಲ. ಶೆಡ್ಡಿನ ಇನ್ನೊಂದು ಮೂಲೆಯಲ್ಲಿ ತಮ್ಮ ಹಳೆಯ ಟೂ-ಸ್ಟ್ರೋಕ್ ಗಾಡಿಗಳನ್ನು ಒರೆಸುತ್ತ ಕೂತಿರುತ್ತಿದ್ದರು. ನೆಲಮಂಗಲದಿಂದ ಬಂದ ಸಿದ್ದರಾಜು, ಅವರ ಹಳೆಯ ಗಿರಾಕಿ, ರೇಸಿನಲ್ಲಿ ಅರ್ಪಿತಳ ಎದುರಾಳಿ, ಅವಳ ಕೆಲಸ ನೋಡಿ ನಕ್ಕ. "ಏನಮ್ಮ ಇದು, ಬೈಕಿಗೆ ಕಬ್ಬಿನ ಹಾಲು ಕುಡಿಸ್ತಿದೀಯಾ? ಒಂದು ನಿಂಬೆಹಣ್ಣೂ ಹಿಂಡು." ಅವನು ದುಡ್ಡು ಕೊಟ್ಟು ನಗರದಲ್ಲಿ ಹೊಸ ಗಾಡಿಯನ್ನೇ ಮಾಡಿಸುತ್ತಿದ್ದ. ವೆಂಕಟರಾಯಪ್ಪನವರಿಗೆ ಆ ನಗು ಹಿಡಿಸಲಿಲ್ಲ ಎಂಬುದು ಅವರು ಒರೆಸುವ ಬಟ್ಟೆಯನ್ನು ಕೆಳಗಿಟ್ಟ ರೀತಿಯಲ್ಲೇ ತಿಳಿಯುತ್ತಿತ್ತು.

ಮಾರನೆಯ ದಿನ ಗಾಡಿ ಕೊನೆಗೂ ಸ್ಟಾರ್ಟ್ ಆಯಿತು, ಆದರೆ ಜೋರು ಕೊಟ್ಟರೆ ಸೀನಿದ ಹಾಗೆ ತಡವರಿಸುತ್ತಿತ್ತು. ಅರ್ಪಿತ ಪುಸ್ತಕದ ಲೆಕ್ಕ ಹಾಕಿಯೇ ಜೆಟ್ ದೊಡ್ಡದು ಮಾಡಿದ್ದಳು. ಜೆಟ್ ಎಂದರೆ ಇಂಧನ ಹಾದುಹೋಗುವ ಸಣ್ಣ ತೂತಿನ ಹಿತ್ತಾಳೆ ತುಣುಕು. ಎಥನಾಲಿಗೆ ಆ ತೂತು ಪೆಟ್ರೋಲಿಗಿಂತ ದೊಡ್ಡದಿರಬೇಕು.

"ಇನ್ನೂ ಹಸಿವು ಅದಕ್ಕೆ" ಎಂದರು ವೆಂಕಟರಾಯಪ್ಪ ತಮ್ಮ ಮೂಲೆಯಿಂದಲೇ.

"ಲೆಕ್ಕದ ಪ್ರಕಾರ ಇಷ್ಟೇ ಅಪ್ಪ."

"ಲೆಕ್ಕ ತಪ್ಪು ಅಂದ್ನಾ ನಾನು? ಲೆಕ್ಕ ಹಾಕಿದ್ದು ಹೊಸ ಇಂಜಿನ್ನಿಗೆ. ಇದು ಮುದಿ ಇಂಜಿನ್. ನನ್ನಂಗೆ. ಸ್ವಲ್ಪ ಜಾಸ್ತಿ ಹಾಕ್ಬೇಕು."

ಇಬ್ಬರೂ ಒಂದು ಮಧ್ಯಾಹ್ನ ಪೂರ್ತಿ ಕೂತರು. ಅವಳು ಅಳತೆ ಹೇಳುವುದು, ಅವರು ಸೂಜಿಯಂಥ ಡ್ರಿಲ್ಲನ್ನು ಬೆರಳಲ್ಲೇ ತಿರುಗಿಸುವುದು, ಅವಳು ಸ್ಟಾರ್ಟ್ ಮಾಡುವುದು, ಅವರು ತಲೆಯಾಡಿಸುವುದು. ಊಟಕ್ಕೆ ಕರೆಯಲು ಹೋದ ಶಶಿರೇಖಾ ಬಾಗಿಲಲ್ಲೇ ನಿಂತುಬಿಟ್ಟಳು. ಗಾಡಿಯ ಸದ್ದು ಏರುತ್ತ ಹೋಗಿ ಎಲ್ಲಿಯೂ ಮುಗ್ಗರಿಸದೆ ಒಂದೇ ಸಮನಾಯಿತು. ಸೈಲೆನ್ಸರಿನ ಹಿಂದೆ ಹೊಗೆಯೇ ಇರಲಿಲ್ಲ.

ವೆಂಕಟರಾಯಪ್ಪ ಸೈಲೆನ್ಸರಿನ ಬಾಯಿಗೆ ಅಂಗೈ ಹಿಡಿದು ನೋಡಿಕೊಂಡರು. ಕೈ ಕಪ್ಪಾಗಿರಲಿಲ್ಲ. "ಎಲ್ಲಾ ಚೆನ್ನಾಗೈತೆ" ಎಂದರು. "ವಾಸ್ನೆನೇ ಇಲ್ವಲ್ಲಮ್ಮ. ರೇಸ್ ಅಂತ ಹೆಂಗೆ ಗೊತ್ತಾಗ್ಬೇಕು?"

"ಮೂವತ್ತು ವರ್ಷ ನಿಮ್ಮ ಅಂಗಿ ಒಗ್ದವ್ಳು ನಾನು" ಎಂದಳು ಅಮ್ಮಯಮ್ಮ, ಊಟಕ್ಕೆ ಕೂತಾಗಲೂ ಅದೇ ಮಾತಾಡಿದ ಗಂಡನಿಗೆ ಬಡಿಸುತ್ತ. "ಆ ವಾಸ್ನೆ ಬೇಕಾದ್ರೆ ಇನ್ನೂ ಕೊಳಾಯಿ ಹತ್ರ ಐತೆ. ಹೋಗಿ ಮೂಸ್ಕಳಿ."

ಸಂಕ್ರಾಂತಿ ಕಳೆದ ಭಾನುವಾರ ಮೊದಲ ರೇಸು. ಮನೆಯವರೆಲ್ಲ ಹೋದರು. ಮೈದಾನದಲ್ಲಿ ಗಾಡಿ ಸಿದ್ಧಪಡಿಸುವ ಜಾಗಕ್ಕೆ ಹಗ್ಗ ಕಟ್ಟಿದ್ದರು. ಒಳಗೆ ಓಡಿಸುವವರು ಮತ್ತು ಒಬ್ಬ ಸಹಾಯಕ ಮಾತ್ರ ಇರಬೇಕು. ಅರ್ಪಿತಳ ಜೊತೆ ವೆಂಕಟರಾಯಪ್ಪ ಒಳಗಿದ್ದರು. ಸಮಿತಿಯ ಬ್ಯಾರಲ್ಲಿನಿಂದ ಟ್ಯಾಂಕ್ ತುಂಬಿಸಿಕೊಂಡರು. ಆಮೇಲೆ ಓಡಿಸುವವರನ್ನೆಲ್ಲ ಸೂಚನೆ ಕೊಡಲು ಕರೆದರು, ಅರ್ಪಿತ ಹೋದಳು.

ರೇಸು ಶುರುವಾದಾಗ ಶಶಿರೇಖಾ ಗಂಡನ ತೋಳನ್ನು ಹಿಡಿದುಕೊಂಡಿದ್ದಳು. ಅರ್ಪಿತ ಮೊದಲ ತಿರುವಿನಲ್ಲಿ ಹಿಂದೆ ಬಿದ್ದಳು. ಎಲ್ಲರೂ ಧೂಳಿನಲ್ಲಿ ಒಬ್ಬರ ಹಿಂದೆ ಒಬ್ಬರು ಮಾಯವಾಗುತ್ತಿದ್ದರು. ಆದರೆ ಉದ್ದದ ಏರಿನಲ್ಲಿ ಉಳಿದ ಗಾಡಿಗಳು ಉಸಿರು ಕಟ್ಟುತ್ತಿದ್ದಾಗ ಆ ಮುದಿ ಇಂಜಿನ್ನು ಒಂದೇ ಸ್ವರದಲ್ಲಿ ಏರಿತು. ಒಬ್ಬನನ್ನು ದಾಟಿದಳು, ಇನ್ನೊಬ್ಬನನ್ನು ದಾಟಿದಳು. ಕೊನೆಯ ಸುತ್ತಿನಲ್ಲಿ ಸಿದ್ದರಾಜುವಿನ ಹೊಸ ಗಾಡಿಯನ್ನೂ ದಾಟಿ ಗೆದ್ದಳು. ಬೈರೇಶ್ ತಾನು ಶಿಳ್ಳೆ ಹಾಕುತ್ತಿದ್ದೇನೆಂಬುದನ್ನೇ ಮರೆತು ಶಿಳ್ಳೆ ಹಾಕಿದ.

ಗೆದ್ದ ಗಾಡಿಗಳ ಟ್ಯಾಂಕಿನಿಂದ ಇಂಧನ ತೆಗೆದು ಪರೀಕ್ಷೆ ಮಾಡುವ ಹುಡುಗಿ ಕೀರ್ತನ. ಅರ್ಪಿತಳಿಗಿಂತ ಒಂದೆರಡು ವರ್ಷ ದೊಡ್ಡವಳಿರಬಹುದು. ಗಾಜಿನ ಮೇಲೆ ಬ್ಯಾರಲ್ಲಿನ ಇಂಧನ ಒಂದು ಹನಿ, ಪಕ್ಕದಲ್ಲಿ ಅರ್ಪಿತಳ ಟ್ಯಾಂಕಿನದು ಒಂದು ಹನಿ ಬಿಟ್ಟಳು. ಬಿಸಿಲಿಗೆ ಮೊದಲನೆಯದು ಆರಿ ಗಾಜು ಶುಭ್ರವಾಯಿತು. ಎರಡನೆಯದು ಆರಿದ ಮೇಲೆ ಜಿಡ್ಡಿನ ಮಚ್ಚೆ ಉಳಿಯಿತು. ಅವಳು ಮತ್ತೊಮ್ಮೆ ಮಾಡಿದಳು. ಮತ್ತೆ ಅದೇ.

"ಇದರಲ್ಲಿ ಎಣ್ಣೆ ಇದೆ" ಎಂದಳು.

"ಸಾಧ್ಯಾನೇ ಇಲ್ಲ ಮೇಡಂ" ಎಂದಳು ಅರ್ಪಿತ. "ನಾನೇ ಕೈಯಾರೆ ತುಂಬ್ಸಿದೀನಿ." ಹಾಗೆ ಹೇಳುತ್ತಲೇ ಅಪ್ಪನ ಕಡೆ ತಿರುಗಿದಳು. ಅವಳ ಮುಖದ ಬಣ್ಣ ಹೋಯಿತು.

ಸುತ್ತ ಜನ ಸೇರಿದರು. ಸಿದ್ದರಾಜು ವೆಂಕಟರಾಯಪ್ಪನವರನ್ನು ಪಕ್ಕಕ್ಕೆ ಎಳೆದ. ಸೋತವನಾದರೂ ಅವನಿಗೆ ಹಳೆಯ ಗೌರವ ಇತ್ತು, ಹೊಸ ನಿಯಮದ ಮೇಲೆ ಸಿಟ್ಟೂ ಇತ್ತು. "ಯಜಮಾನ್ರೇ, ಬ್ಯಾರಲ್ಲಲ್ಲೇ ಎಣ್ಣೆ ಇತ್ತು ಅನ್ನಿ. ತಳದಲ್ಲಿ ಇತ್ತು, ಕೊನೇಗೆ ತುಂಬ್ಸಿದ್ದು ನಾವು ಅನ್ನಿ. ನಾವೆಲ್ಲ ಹೌದು ಅಂತೀವಿ. ಈ ಹುಡ್ಗಿ ಏನ್ ಮಾಡ್ತಾಳೆ?"

ವೆಂಕಟರಾಯಪ್ಪ ಅವನ ಕೈಯನ್ನು ಬಿಡಿಸಿಕೊಂಡರು. ನೇರವಾಗಿ ಹೋಗಿ ಕೀರ್ತನಳ ಮುಂದೆ ನಿಂತರು. ಅಂಗಿಯ ಜೇಬಿನಿಂದ ಸಣ್ಣ ಸೀಸೆಯನ್ನೂ ಒಳಲೆಯನ್ನೂ ತೆಗೆದು ಮೇಜಿನ ಮೇಲೆ ಇಟ್ಟರು.

"ನಾನೇ ಹಾಕಿದ್ದು ತಾಯಿ. ಮನೆ ಹರಳೆಣ್ಣೆ. ಮಗಳಿಗೆ ಗೊತ್ತಿಲ್ಲ."

"ಗೊತ್ತಿದ್ದೂ ಯಾಕೆ ಹಾಕಿದ್ರಿ ಸರ್?"

"ಇಷ್ಟು ವರ್ಷ ಹಾಕ್ದೆ ಕಳಿಸ್ಲಿಲ್ಲ. ಹಾಕ್ದೇ ಇದ್ರೆ ಅವಳಿಗೇನಾದ್ರೂ ಆಗ್ಬಿಡುತ್ತೆ ಅನ್ನಿಸ್ತು. ಕೈ ತಡೀಲಿಲ್ಲ."

ಕೀರ್ತನ ಆ ಒಳಲೆಯನ್ನು ಎತ್ತಿ ನೋಡಿದಳು. ದನಿ ಮೆತ್ತಗಾಯಿತು, ಮಾತು ಬದಲಾಗಲಿಲ್ಲ. "ಇದರಿಂದ ಗಾಡಿ ಜೋರಾಗಿ ಓಡಿರಲ್ಲ, ಅದು ನಂಗೂ ಗೊತ್ತು. ಆದ್ರೆ ಊರಿನವರಿಗೆ ನಾವು ಮಾತು ಕೊಟ್ಟಿದೀವಿ ಸರ್. ಒಬ್ಬರಿಗೆ ಬಿಟ್ರೆ ಎಲ್ಲರಿಗೂ ಬಿಡಬೇಕು."

"ಬಿಡಬೇಡ. ನೀನು ಸರಿಯಾಗಿ ಕೆಲ್ಸ ಮಾಡಿದೀಯ. ನಾನೂ ಇಷ್ಟು ಜಾಗ್ರತೆಯಾಗಿ ಯಾರ ಗಾಡೀನೂ ನೋಡಿಲ್ಲ."

ಗೆಲುವು ಹೋಯಿತು. ಮುಂದಿನ ರೇಸಿನಲ್ಲಿ ಅರ್ಪಿತ ಓಡಿಸಬಹುದು. ಆದರೆ ಈ ವರ್ಷವಿಡೀ ವೆಂಕಟರಾಯಪ್ಪ ಹಗ್ಗದ ಒಳಗೆ ಕಾಲಿಡಬಾರದು, ಹೊರಗಿನಿಂದ ಕೂಗಿ ಏನನ್ನೂ ಹೇಳಿಕೊಡಬಾರದು ಎಂದು ಸಮಿತಿ ತೀರ್ಮಾನಿಸಿತು.

ಮನೆಯಲ್ಲಿ ಆ ದಿನದ ಅಡುಗೆ ಬೆಳಿಗ್ಗೆಯೇ ಆಗಿತ್ತು, ಬಿಸಿ ಮಾಡಲು ಯಾರಿಗೂ ಮನಸ್ಸಾಗಲಿಲ್ಲ. ಅರ್ಪಿತ ತಟ್ಟೆಯ ಮುಂದೆ ಕೂತು ಅತ್ತಳು.

"ಒಂದ್ಸಲ ಹೇಳಿದ್ನಲ್ಲ ಅಪ್ಪ. ಏನೂ ಹಾಕಬೇಡಿ ಅಂತ."

"ನೀನು ಹೇಳಿದ್ದೆ ಮಗಳೇ."

"ನಾನ್ ಕೊಟ್ಟೆ ಸೀಸೆನಾ" ಎಂದಳು ಅಮ್ಮಯಮ್ಮ. "ನನ್ನೂ ಬೈಯಿ."

"ನಿಮ್ಮಿಬ್ರಿಗೂ ಬೈದು ಏನ್ ಬರುತ್ತೆ?"

ಬೈರೇಶ್ ಅನ್ನ ಕಲಸುತ್ತ, "ಮುಗೀತಲ್ಲ ಬಿಡು. ಇನ್ನು ಯುಗಾದಿವರ್ಗೂ ಯಾಕೆ ಕಾಯೋದು?" ಎಂದ.

ಶಶಿರೇಖಾ ಸಾಮಾನ್ಯವಾಗಿ ಎಲ್ಲರೆದುರು ಗಂಡನ ಮಾತಿಗೆ ಎದುರಾಡುವವಳಲ್ಲ. ಅಂದು ಸಾರಿನ ಸೌಟನ್ನು ಪಾತ್ರೆಯಲ್ಲಿಟ್ಟು ಹೇಳಿದಳು: "ರೀ, ಸುಳ್ಳು ಹೇಳಿದ್ರೆ ಗೆಲುವು ಉಳೀತಿತ್ತು. ಮಾವ ಹೇಳಲಿಲ್ಲ. ಅಷ್ಟು ಜನರ ಮುಂದೆ ಆ ಹುಡುಗಿ ಕೆಲಸ ಉಳಿಸಿದ್ರು. ಅದನ್ನ ನೋಡಿದ ಮೇಲೂ ಮುಗೀತು ಅಂತೀರಾ? ಯುಗಾದಿ ಅಂತ ಮಾತಾಗಿದೆ. ಯುಗಾದಿವರೆಗೂ ಇರಲಿ."

ಆಮೇಲೆ ಅರ್ಪಿತ ಮೂಗು ಒರೆಸಿಕೊಂಡು, "ಒಳಗೆ ನನ್ಜೊತೆ ಒಬ್ರು ಬೇಕೇ ಬೇಕು. ಬೆಂಕಿ ಆರಿಸೋ ಸಿಲಿಂಡರ್ ಹಿಡ್ಕೊಂಡು ನಿಂತಿರ್ಬೇಕು. ಯಾರ್ ಬರ್ತೀರಾ?" ಎಂದಳು.

"ನಾನ್ ಬರ್ತೀನಿ" ಎಂದಳು ಅಮ್ಮಯಮ್ಮ.

"ನೀನು ಬಂದ್ರೆ ಬೆಂಕಿಗೆ ಹರಳೆಣ್ಣೆ ಹಾಕ್ತೀಯ ಅಮ್ಮ."

ಮೊದಲು ನಕ್ಕವರು ವೆಂಕಟರಾಯಪ್ಪ. ಬೈರೇಶ್ ತಟ್ಟೆ ನೋಡುತ್ತಲೇ, "ಗೋಡೌನಲ್ಲಿ ಆ ಸಿಲಿಂಡರ್ ಟ್ರೈನಿಂಗ್ ಆಗಿರೋದು ನಂಗೊಬ್ನಿಗೇ" ಎಂದ. ಒಂದು ತುತ್ತು ನುಂಗಿ, "ರಜ ಕೇಳ್ತೀನಿ" ಎಂದ.

ಫೆಬ್ರವರಿಯ ಕೊನೆಯಲ್ಲಿ ಎರಡನೆಯ ರೇಸು. ಅಷ್ಟರಲ್ಲಿ ಬೈರೇಶ್ ಕೆಲಸದಿಂದ ಬಂದ ಮೇಲೆ ಶೆಡ್ಡಿಗೆ ಹೋಗಿ ತಂಗಿ ಹೇಳಿದ ಸ್ಪ್ಯಾನರ್ ಎತ್ತಿಕೊಡುವುದನ್ನು ಕಲಿತಿದ್ದ, ಬೈಸಿಕೊಳ್ಳುವುದನ್ನೂ ಕಲಿತಿದ್ದ.

ವೆಂಕಟರಾಯಪ್ಪ ಹಗ್ಗದ ಹೊರಗೆ, ಪ್ರೇಕ್ಷಕರ ಜೊತೆ, ಬಿಸಿಲಿನಲ್ಲಿ ನಿಂತರು. ಅವರನ್ನು ಬಲ್ಲ ಹುಡುಗರು, "ಒಳಗೆ ಬನ್ನಿ ಯಜಮಾನ್ರೇ, ಯಾರೂ ನೋಡಲ್ಲ" ಎಂದರು. ಅವರು ತಲೆ ಅಲ್ಲಾಡಿಸಿದರು. ಶಶಿರೇಖಾ ಕೊಡೆ ಹಿಡಿದಳು, ಅದೂ ಬೇಡವೆಂದರು. ಅಮ್ಮಯಮ್ಮ ಕೊಟ್ಟ ಮಜ್ಜಿಗೆಯನ್ನು ಮಾತ್ರ ಕುಡಿದರು.

ಗಾಡಿಗಳೆಲ್ಲ ಸಾಲಾಗಿ ನಿಂತು ಇಂಜಿನ್ ಗುರುಗುಡಿಸುತ್ತಿದ್ದವು. ವೆಂಕಟರಾಯಪ್ಪ ಕಣ್ಣು ಮುಚ್ಚಿಕೊಂಡರು. ಅಷ್ಟು ಸದ್ದಿನಲ್ಲಿ ಮಗಳ ಗಾಡಿಯ ಸದ್ದನ್ನು ಬೇರೆ ಮಾಡಿಕೊಂಡು ಕೇಳುತ್ತಿದ್ದಾರೆ ಎಂಬುದು ಶಶಿರೇಖಾಗೆ ತಿಳಿಯಿತು. ಇದ್ದಕ್ಕಿದ್ದಂತೆ ಅವರ ಕೈ ಹಗ್ಗವನ್ನು ಬಿಗಿಯಾಗಿ ಹಿಡಿಯಿತು.

"ಏನಾಯ್ತು ಮಾವ?"

"ಬಿಸಿಲು ಏರೈತೆ. ಸೊರಗ್ತಾ ಐತೆ ಗಾಡಿ. ಸ್ಕ್ರೂ ಒಂದು ಸುತ್ತು ತಿರುಗಿಸಿದ್ರೆ ಆಯ್ತು." ಮಗಳು ಕೂಗಿದರೆ ಕೇಳುವಷ್ಟು ಹತ್ತಿರದಲ್ಲಿದ್ದಳು. ಅವರು ಬಾಯಿ ತೆರೆದರು. ಮತ್ತೆ ಮುಚ್ಚಿದರು. ತುಟಿಗಳು ಬೆಳ್ಳಗಾಗುವಷ್ಟು ಬಿಗಿದುಕೊಂಡು ನಿಂತರು.

ಸಾಲಿನಲ್ಲಿದ್ದ ಅರ್ಪಿತ ತಲೆಯನ್ನು ಸ್ವಲ್ಪ ವಾರೆ ಮಾಡಿದಳು. ಬಗ್ಗಿದಳು. ಕೈಗವಸು ತೆಗೆದು ಕಾರ್ಬ್ಯುರೇಟರಿನ ಹತ್ತಿರ ಎರಡು ಬೆರಳು ಒಯ್ದು ತಿರುಗಿಸಿದಳು, ಕೇಳಿದಳು, ಇನ್ನೊಂದಿಷ್ಟು ತಿರುಗಿಸಿದಳು. ಸದ್ದು ಕೂತಿತು.

ವೆಂಕಟರಾಯಪ್ಪ ಹಗ್ಗ ಬಿಟ್ಟರು. "ಒಂದೂ ಕಾಲು ಸುತ್ತು" ಎಂದರು. "ನಾನು ಹೇಳಿದ್ದಿದ್ರೆ ತಪ್ಪಾಗ್ತಿತ್ತು."

ಬಾವುಟ ಇಳಿಯಿತು. ಧೂಳೆದ್ದಿತು. ಹೊಗೆ ಇಲ್ಲದ ಧೂಳು. ಆಚೆಯ ದ್ರಾಕ್ಷಿ ತೋಟದ ಬೇಲಿಯ ಮೇಲೆ ಕೂತ ಊರಿನ ಮಕ್ಕಳು ಕೇಕೆ ಹಾಕುತ್ತಿದ್ದರು. ಅರ್ಪಿತ ಮೊದಲೂ ಅಲ್ಲ, ಕೊನೆಯೂ ಅಲ್ಲ. ಎರಡನೆಯ ಸ್ಥಾನಕ್ಕೆ ಇನ್ನೊಬ್ಬನ ಜೊತೆ ಭುಜಕ್ಕೆ ಭುಜ ಕೊಟ್ಟು ಓಡಿಸುತ್ತಿದ್ದಳು. ಆ ಏರಿನಲ್ಲಿ ಮತ್ತೆ ಅದೇ ಒಂದೇ ಸ್ವರ.

ಸಿದ್ದರಾಜು ಹಗ್ಗದ ಹತ್ತಿರ ಬಂದು ನಿಂತ. ಅವನ ಗಾಡಿ ಎರಡನೆಯ ಸುತ್ತಿನಲ್ಲೇ ಕೆಮ್ಮಿ ನಿಂತುಹೋಗಿತ್ತು. ಹೆಲ್ಮೆಟ್ಟು ಕಂಕುಳಲ್ಲಿತ್ತು, ಹಳೆಯ ನಗು ಮುಖದಲ್ಲಿರಲಿಲ್ಲ.

"ಯಜಮಾನ್ರೇ, ನಮ್ಮ ಗಾಡೀನೂ ಹಿಂಗೆ ಮಾಡ್ಕೊಡ್ತೀರಾ? ನಂದೊಂದೇ ಅಲ್ಲ, ನೆಲಮಂಗಲ ಹುಡುಗ್ರದ್ದೆಲ್ಲ ಐತೆ."

ವೆಂಕಟರಾಯಪ್ಪ ಟ್ರ್ಯಾಕಿನ ಕಡೆ ಕೈ ತೋರಿಸಿದರು. "ಅಗೋ, ಅಲ್ಲಿ ಓಡಿಸ್ತಾವ್ಳಲ್ಲ, ಅವಳನ್ನ ಕೇಳಪ್ಪ. ಅವಳು ಒಪ್ಪಿದ್ರೆ ಆಯ್ತು. ನಾನೀಗ ಅವಳ ಕೈಕೆಳಗೆ ಕೆಲ್ಸ ಮಾಡೋನು."

"ಅದು ಸರಿ. ಗಾಡಿ ಎಲ್ಲಿಗೆ ತರ್ಲಿ? ಶೆಡ್ಡು ಯುಗಾದಿಗೆ ಪಾರ್ಸಲ್ ಕಂಪನಿಗೆ ಹೋಗುತ್ತೆ ಅಂದ್ರಲ್ಲ?"

ವೆಂಕಟರಾಯಪ್ಪ, ಹಗ್ಗದ ಒಳಗೆ ಅಲ್ಲೇ ಹತ್ತಿರದಲ್ಲಿ ಬೆಂಕಿ ಆರಿಸುವ ಸಿಲಿಂಡರನ್ನು ಎರಡೂ ಕೈಯಲ್ಲಿ ಅಪ್ಪಿಕೊಂಡು ನಿಂತಿದ್ದ ಬೈರೇಶನ ಕಡೆ ನೋಡಿದರು. ಶಶಿರೇಖಾಳೂ ನೋಡಿದಳು. ಅವನ ಅಂಗಿ ಬೆವರಿಗೆ ಅಂಟಿಕೊಂಡಿತ್ತು. ಅವನ ಕಣ್ಣು ತಂಗಿಯ ಗಾಡಿಯ ಮೇಲೆಯೇ ಇತ್ತು, ಈ ಕಡೆ ತಿರುಗಲೇ ಇಲ್ಲ.

"ಶೆಡ್ಡಿಗೇ ತಗೊಂಬಾ" ಎಂದ ಬೈರೇಶ್. "ಇನ್ನೆಲ್ಲಿಗೆ ತರ್ತೀಯ?"